ನಿದಾನವೂ ನಿಧಾನವೂ

ಬೆಂಗಳೂರಿನ ಕತ್ರಿಗುಪ್ಪೆಯ ಕಡೆಯಿಂದ ಹೊರವರ್ತುಲ ರಸ್ತೆಯ ಗದ್ದಲವನ್ನು ಹಿಂದಿಕ್ಕಿ ಇಟ್ಟಮಡುವಿನ ಒಳಗೇರಿಗಳನ್ನು ಹೊಕ್ಕರೆ, ಇಕ್ಕಟ್ಟಾದ ಅಡ್ಡರಸ್ತೆಗಳಲ್ಲಿ ಮನೆಗೊಂದರಂತೆ ನಿಂತಿರುವ ವಾಹನಗಳ ನಡುವೆ, ಬಟ್ಟೆಯ ಮುಸುಕು ಹೊದ್ದು, ಚಕ್ರಗಳಲ್ಲಿ ಗಾಳಿಯಿಲ್ಲದೆ ಕುಸಿದು, ಎಲೆಕಸದ ಮಧ್ಯೆ ಸಮಾಧಿಸ್ಥವಾಗಿರುವ ಕಾರೊಂದು ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತದೆ. ಅಂಥದೊಂದು ನನ್ನ ಮನೆಯ ಮುಂದಿನ ಪೋರ್ಟಿಕೋದಲ್ಲಿಯೂ ಇದ್ದಿತು. 1997ರಲ್ಲಿ ಕೊಂಡ ಮಾರುತಿ 800 ಅದು. 2020ರ ಮಾರ್ಚ್ ತಿಂಗಳಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ನಿಲ್ಲಿಸಿದ್ದು, ಬಾಗಿಲು ತೆರೆದ ಮೇಲೂ ನನ್ನ ಔದಾಸೀನ್ಯದಿಂದಾಗಿ ಐದು ವರ್ಷಕ್ಕೂ ಮೀರಿ ಹಾಗೆಯೇ ನಿಂತುಬಿಟ್ಟಿತು. ಕೊನೆಗೊಂದು ದಿನ ಹೊಸ ಬ್ಯಾಟರಿ ಕೂರಿಸಿ ಕೀಲಿ ತಿರುಗಿಸಿದರೆ, ಎಂಜಿನು ಗಿರಗಿರನೆ ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ.

ನಾಲ್ವತ್ತು ವರ್ಷ ಗ್ಯಾರೇಜು ನಡೆಸಿ ಈಗ ವಿಶ್ರಾಂತರಾಗಿರುವ ಹಿರಿಯರೊಬ್ಬರು ನಮ್ಮ ನೆರೆಯವರು. ಅವರ ಸೋದರಳಿಯ ಹೊಸ ಕಾರುಗಳ ದೊಡ್ಡ ವರ್ಕ್‌ಶಾಪಿನಲ್ಲಿ ಕೆಲಸಮಾಡುವ ತರುಣ. ಒಂದು ಭಾನುವಾರ ಬೆಳಗ್ಗೆ ಇಬ್ಬರೂ ನನ್ನ ಕಾರಿನ ಬಾನೆಟ್ ಎತ್ತಿ ನಿಂತರು. ಮೆಟ್ಟಿಲ ಮೇಲೆ ಕುಳಿತು ನಾನು ಕೇಳಿಸಿಕೊಂಡ ಅವರ ವಾಗ್ವಾದ ಇಲ್ಲಿದೆ.

ಅಳಿಯ: ಮಾವ, ಇದರಲ್ಲಿ ಹೊತ್ತು ಕಳೆಯುವುದೇಕೆ? ಟ್ಯಾಂಕು ಇಳಿಸಿ ತೊಳೆಯೋಣ. ಜೆ.ಸಿ. ರಸ್ತೆಯ ಅಂಗಡಿಗಳಿಂದ ಪೈಪು, ಫಿಲ್ಟರು, ಪಂಪು, ಕಾರ್ಬೊರೇಟರಿನ ಕಿಟ್ಟು, ಎಲ್ಲವನ್ನೂ ಒಟ್ಟಿಗೇ ತಂದು ಕೂರಿಸಿದರೆ ಸಂಜೆಯ ವೇಳೆಗೆ ಗಾಡಿ ಮಾತಾಡುತ್ತದೆ.

ಮಾವ: ಮಾತಾಡಬಹುದು. ಆದರೆ ಯಾವುದರಿಂದ ಮಾತಾಡಿತೆಂದು ನಿನಗೆ ತಿಳಿಯುವುದು ಹೇಗೆ? ಮಾತಾಡದಿದ್ದರೆ ಯಾವುದನ್ನು ಸಂದೇಹಿಸುವೆ? ಪೊಟ್ಟಣದಿಂದ ಆಗತಾನೇ ತೆಗೆದ ಪಂಪು ಕೆಟ್ಟಿರಕೂಡದೆಂಬ ಶಾಸನವೇನೂ ಇಲ್ಲವಷ್ಟೆ. ಹಳೆಯ ನಾಲ್ಕು ಸಂದೇಹಗಳನ್ನು ಕಿತ್ತು ಹೊಸ ನಾಲ್ಕು ಸಂದೇಹಗಳನ್ನು ಕೂರಿಸಿದಂತೆ ಆಯಿತು. ರೋಗದ ಕಾರಣವನ್ನು ಹುಡುಕುವುದಕ್ಕೆ ನಮ್ಮ ವೈದ್ಯರು ನಿದಾನವೆಂದು ಹೆಸರಿಟ್ಟರು. ಮಾಧವಕರನು ಅದೊಂದಕ್ಕಾಗಿಯೇ ‘ಮಾಧವನಿದಾನ’ವೆಂಬ ಗ್ರಂಥವನ್ನು ರಚಿಸಿದನು. ಆ ನಿದಾನಕ್ಕೂ ನಮ್ಮ ಆಡುಮಾತಿನ ನಿಧಾನಕ್ಕೂ ಒಂದು ಮಹಾಪ್ರಾಣದಷ್ಟೇ ಅಂತರ. ಎರಡನೆಯದಿಲ್ಲದೆ ಮೊದಲನೆಯದು ಕೈಗೂಡುವುದಿಲ್ಲ.

ಅಳಿಯ: ನಿಮ್ಮ ಗ್ಯಾರೇಜಿನ ಬೆಂಚಿನ ಮೇಲೆ ಗಿರಾಕಿ ಕಾಫಿ ಕುಡಿಯುತ್ತ ಕಾದಿರುತ್ತಿದ್ದ, ನಮ್ಮಲ್ಲಿ ಅವನು ಗಂಟೆಗೆ ಇಷ್ಟೆಂದು ಕೂಲಿ ತೆರುತ್ತಾನೆ. ಎರಡು ಗಂಟೆಯ ನಿದಾನದ ಕೂಲಿ ಒಂದು ಪಂಪಿನ ಬೆಲೆಯನ್ನು ಮೀರಿತೆಂದರೆ, ಹುಡುಕುವುದು ಜಾಣತನವೋ, ಬದಲಾಯಿಸುವುದು ಜಾಣತನವೋ?

ಮಾವ: ಮೊದಲನೆಯ ಪರೀಕ್ಷೆಗೆ ಎರಡು ನಿಮಿಷ ಸಾಕು, ಕೂಲಿಯ ಲೆಕ್ಕ ಆಮೇಲೆ ಹಾಕು. ಎಂಜಿನು ಹೊತ್ತಲು ಬೇಕಾದುದು ಗಾಳಿ, ಪೆಟ್ರೋಲು, ಸಕಾಲದಲ್ಲೊಂದು ಕಿಡಿ, ಹಿಂಡುವಷ್ಟು ಒತ್ತಡ. ನಾವು ಬಂದೊಡನೆ ಪೆಟ್ರೋಲಿನ ಮೇಲೆ ದೋಷ ಹೊರಿಸಿದೆವು; ಆದರೆ ಅದು ಇನ್ನೂ ಆರೋಪಿ ಮಾತ್ರ, ಅಪರಾಧಿಯಲ್ಲ. ಆ ಹೊಸ ಪೆಟ್ರೋಲಿನ ಡಬ್ಬಿಯಿಂದ ಒಂದು ಚಮಚದಷ್ಟನ್ನು ಕಾರ್ಬೊರೇಟರಿನ ಗಂಟಲಿಗೆ ಹಾಕು. ಡಬ್ಬಿಯನ್ನು ಮುಚ್ಚಿ ದೂರವಿಡು. ಏರ್ ಕ್ಲೀನರನ್ನು ಮತ್ತೆ ಮುಚ್ಚು, ಬೆಂಕಿ ಹಿಮ್ಮುಖವಾಗಿ ಉಗುಳುವುದುಂಟು. ಈಗ ಸೆಲ್ಫ್ ಹೊಡೆ.

ತರುಣನು ಹಾಗೆಯೇ ಮಾಡಿದನು. ಐದು ವರ್ಷ ಮೌನವ್ರತದಲ್ಲಿದ್ದ ಎಂಜಿನು ಒಮ್ಮೆ ಕೆಮ್ಮಿ, ಎರಡು ಮೂರು ಸೆಕೆಂಡು ಓಡಿ, ತಟ್ಟನೆ ಆರಿಹೋಯಿತು.

ಮಾವ: ನೋಡಿದೆಯಾ! ಕಿಡಿಯುಂಟು, ಒತ್ತಡವುಂಟು, ಗಾಳಿಯ ದಾರಿಯೂ ತೆರೆದಿದೆ. ನಾವು ಕೈಯಾರೆ ಉಣಿಸಿದಷ್ಟು ಹೊತ್ತು ಓಡಿತು. ಇನ್ನು ಉಳಿದುದು ಟ್ಯಾಂಕಿನಿಂದ ಕಾರ್ಬೊರೇಟರಿನವರೆಗಿನ ಹಾದಿಯೊಂದೇ.

ಅಳಿಯ: ಒಪ್ಪಿದೆ. ಆದರೆ ಆ ಹಾದಿಯಲ್ಲಿ ಟ್ಯಾಂಕಿನೊಳಗಿನ ಜಾಲರಿ, ಕಬ್ಬಿಣದ ನಳಿಕೆ, ರಬ್ಬರ್ ಪೈಪು, ಫಿಲ್ಟರು, ಪಂಪು, ಫ್ಲೋಟಿನ ಸೂಜಿ, ಜೆಟ್ಟುಗಳು ಎಂದು ಏಳು ಮಂದಿ ನಿಂತಿದ್ದಾರೆ. ಏಳು ಮಂದಿಗೂ ಒಂದೇ ವಯಸ್ಸು, ಒಂದೇ ಉಪವಾಸ. ಇವರಲ್ಲಿ ಒಬ್ಬನನ್ನು ಮಾತ್ರ ಹಿಡಿದು ದಂಡಿಸುತ್ತೇನೆನ್ನುವುದು ಯಾವ ನ್ಯಾಯ?

ಮಾವ: ಏಳು ಮಂದಿಯನ್ನೂ ವಿಚಾರಣೆಯಿಲ್ಲದೆ ಗಡೀಪಾರು ಮಾಡುವುದು ಯಾವ ನ್ಯಾಯ? ನಾನು ಕೆಲಸ ಕಲಿತದ್ದು ಜಾವಾ ಬೈಕಿನ ಮೇಲೆ; ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸತೊಡಗಿ, ಮುಂದೆ ಯೆಜ್ಡಿಯೆಂಬ ಹೆಸರಿನಿಂದ ಮೆರೆದು, 1996ರಲ್ಲಿ ಮುಚ್ಚಿತು. ಆ ಬೈಕಿಗೆ ಪಂಪೇ ಇಲ್ಲ; ಮೇಲಿನ ಟ್ಯಾಂಕಿನಿಂದ ಕೆಳಗಿನ ಕಾರ್ಬೊರೇಟರಿಗೆ ಪೆಟ್ರೋಲು ತನ್ನ ಭಾರದಿಂದಲೇ ಇಳಿಯುತ್ತದೆ. ಆದರೂ ಅದು ನಿಲ್ಲುತ್ತಿತ್ತು. ಒಮ್ಮೆ ಅರ್ಧ ಮೈಲಿ ಓಡಿ ನಿಲ್ಲುವ, ಹತ್ತು ನಿಮಿಷ ಬಿಟ್ಟು ಮತ್ತೆ ಹೊರಡುವ ಬೈಕೊಂದು ಬಂದಿತು. ಮೂವರು ಮೆಕ್ಯಾನಿಕರು ಕಾರ್ಬೊರೇಟರು ಬಿಚ್ಚಿ ಸೋತಿದ್ದರು. ನನ್ನ ಗುರುಗಳು ಟ್ಯಾಂಕಿನ ಮುಚ್ಚಳ ತಿರುವಿದರು. ಸುಯ್ಯೆಂದು ಗಾಳಿ ಒಳಸೇದಿಕೊಂಡಿತು. ಮುಚ್ಚಳದಲ್ಲಿರಬೇಕಾದ ಸೂಜಿಮೊನೆಯಷ್ಟು ರಂಧ್ರ ಮಣ್ಣಿನಿಂದ ಮುಚ್ಚಿಹೋಗಿತ್ತು. ಪೆಟ್ರೋಲು ಹೊರಗೆ ಬರಬೇಕಾದರೆ ಅಷ್ಟೇ ಗಾಳಿ ಒಳಗೆ ಹೋಗಬೇಕು. ಎಲ್ಲವನ್ನೂ ಬದಲಾಯಿಸಿದ್ದರೂ ಆ ಬೈಕು ನಿಲ್ಲುತ್ತಲೇ ಇತ್ತು. ಏಕೆಂದರೆ ಬದಲಾಯಿಸುವವರ ಪಟ್ಟಿಯಲ್ಲಿ ಮುಚ್ಚಳ ಇರುವುದೇ ಇಲ್ಲ.

ಅಳಿಯ: (ಟ್ಯಾಂಕಿನ ಮುಚ್ಚಳ ತೆರೆದು ಮೂಸಿ) ಇಲ್ಲಿ ಸುಯ್ಯೆನ್ನಲಿಲ್ಲ. ಆದರೆ ವಾಸನೆ ನೋಡಿ ಮಾವ, ಇದು ಪೆಟ್ರೋಲಿನದಲ್ಲ, ಹಳೆಯ ಬಣ್ಣದ ಡಬ್ಬಿಯದು.

ಮಾವ: ಅದನ್ನೂ ವಿಚಾರಿಸೋಣ, ಸರದಿ ಬರಲಿ. ಏಳು ಮಂದಿಯ ಸಾಲನ್ನು ಮೊದಲಿನಿಂದ ಕೊನೆಯವರೆಗೆ ವಿಚಾರಿಸುವುದಲ್ಲ. ನಡುವೆ ಕತ್ತರಿಸಿ ನೋಡತಕ್ಕದ್ದು. ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪನ್ನು ಕಳಚಿ ಗಾಜಿನ ಸೀಸೆಯೊಳಗೆ ಇಳಿಬಿಡು. ಸೆಲ್ಫ್ ಹೊಡೆದಾಗ ಪೆಟ್ರೋಲು ಚಿಮ್ಮಿ ಬಂದರೆ ದೋಷ ಮುಂದಿದೆ, ಬಾರದಿದ್ದರೆ ಹಿಂದಿದೆ. ಒಂದೇ ಪ್ರಶ್ನೆಯಿಂದ ಒಂದು ಕಡೆಯವರೆಲ್ಲ ಬಿಡುಗಡೆ ಹೊಂದುತ್ತಾರೆ.

ಅಳಿಯ: ಕಾರನ್ನು ಮೊದಲು ಪೋರ್ಟಿಕೋದಿಂದ ಬಯಲಿಗೆ ತಳ್ಳೋಣ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು, ನೆಲದ ಮೇಲೆ ಹರಿದು ಮೂಲೆಯಲ್ಲಿ ಮಡುಗಟ್ಟುತ್ತದೆ. ಪ್ಲಗ್ಗಿನ ಕಿಡಿಗೂ ತೆರೆದ ಪೈಪಿಗೂ ದೂರವಿರಲಿ.

ಕಾರನ್ನು ತಳ್ಳಿದೆವು. ಸೀಸೆಯೊಳಗೆ ಪೈಪಿಟ್ಟು ತಿರುಗಿಸಿದಾಗ ಬಂದುದು ಪೆಟ್ರೋಲಲ್ಲ. ಒಂದೆರಡು ಹನಿಯ ಹಿಂದೆ ಬರಿಯ ಗಾಳಿಯ ಉಸಿರು.

ಅಳಿಯ: ಪಂಪು ಸತ್ತಿದೆ. ಒಳಗಿನ ಡಯಾಫ್ರಂ ಒಣಗಿ ಹರಿದಿರಬೇಕು.

ಮಾವ: ಇರಬೇಕೆನ್ನುವುದು ನಿದಾನವಲ್ಲ, ಊಹೆ. ಪಂಪಿಗೆ ಹಿಂದಿನಿಂದ ಬರುವ ಪೈಪನ್ನು ಕಳಚಿ, ಹೊಸ ತುಂಡು ಪೈಪೊಂದನ್ನು ಸಿಕ್ಕಿಸಿ, ಅದರ ತುದಿಯನ್ನು ನೇರವಾಗಿ ಹೊಸ ಪೆಟ್ರೋಲಿನ ಡಬ್ಬಿಯೊಳಗಿಡು. ಕೊಟ್ಟರೂ ಎತ್ತದಿದ್ದರೆ ಅದು ಸತ್ತಿತೆನ್ನು.

ಈ ಸಲ ಪಂಪು ಎಂಜಿನಿನ ಎರಡು ಸುತ್ತಿಗೊಮ್ಮೆ ಮಿಡಿಯುತ್ತ, ಸೀಸೆಯೊಳಗೆ ಚಿಳ್ ಚಿಳ್ಳೆಂದು ಪೆಟ್ರೋಲನ್ನು ಉಗುಳಿತು. ಹಿರಿಯರ ಮುಖದಲ್ಲಿ ಗೆಲುವಿನ ಒಂದು ರೇಖೆ ಮೂಡಿತು.

ಮಾವ: ಜೆ.ಸಿ. ರಸ್ತೆಗೆ ಹೋಗಿ ಬದಲಾಯಿಸಲಿದ್ದ ಪಂಪು ನಿರಪರಾಧಿ.

ಅಳಿಯ: ಈ ದಿನ ನಿರಪರಾಧಿ. ಮಾವ, ನೀವು ಹುಡುಕುತ್ತಿರುವುದು ರೋಗವನ್ನು. ನನಗೆ ಕಾಣುತ್ತಿರುವುದು ಜರೆ. ನಿನ್ನೆಯವರೆಗೆ ಓಡಾಡಿ ಇಂದು ನಿಂತ ಗಾಡಿಗೆ ಕಾರಣವೊಂದಿರುತ್ತದೆ, ಅದನ್ನು ಹುಡುಕಬೇಕು. ಅಲ್ಲಿ ನಿಮ್ಮ ವಾದಕ್ಕೆ ಎದುರಿಲ್ಲ. ಐದು ವರ್ಷ ನಿಂತ ಗಾಡಿಯಲ್ಲಿ ಕಾಲವೇ ಕಾರಣ; ಅದು ಯಾರೊಬ್ಬರನ್ನೂ ಬಿಟ್ಟಿಲ್ಲ. ಈ ಡಯಾಫ್ರಮಿನ ರಬ್ಬರು ಒಂದು ವಾರ ದುಡಿದು ಹರಿದರೆ ಪೆಟ್ರೋಲು ಸದ್ದಿಲ್ಲದೆ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಆಯಿಲು ತೆಳುವಾಗಿ ಬೇರಿಂಗುಗಳು ಸವೆಯುತ್ತವೆ. ಆಗ ನಿಮ್ಮ ನಿದಾನ ತಪ್ಪಾಗಿತ್ತೆಂದು ಯಾರೂ ಹೇಳಲಾರರು. ಆದರೆ ಈ ಕಾರಿನವರು ದೇವೇಗೌಡ ಪೆಟ್ರೋಲ್ ಬಂಕಿನ ಸಿಗ್ನಲಿನಲ್ಲಿ ನಿಂತು ಹಿಂದಿನವರ ಹಾರ್ನು ಕೇಳುತ್ತಿರುತ್ತಾರೆ.

ಮಾವ: (ಡಿಪ್‌ಸ್ಟಿಕ್ ಎಳೆದು, ಮೂಸಿ) ಆಯಿಲಿನಲ್ಲಿ ಪೆಟ್ರೋಲಿನ ವಾಸನೆಯಿಲ್ಲ. ಆದರೆ ನಿನ್ನ ಮಾತನ್ನು ತಳ್ಳಿಹಾಕುವುದಕ್ಕೆ ಇದು ಸಾಲದೆಂದು ಬಲ್ಲೆ. ಜರೆಯಿದ್ದರೂ ಈ ದಿನ ನಿಂತದ್ದಕ್ಕೆ ಒಂದು ನಿಮಿತ್ತವುಂಟು. ಅದನ್ನು ಕಂಡ ಮೇಲೆ ಉಳಿದವರ ಯೋಗಕ್ಷೇಮವನ್ನು ವಿಚಾರಿಸೋಣ.

ಅಳಿಯ: ನೀವು ನೆಚ್ಚಿರುವ ಈ ಸೀಸೆ, ಮೂಗು, ಕಿವಿಗಳು ಹೊಸ ಗಾಡಿಗಳಲ್ಲಿ ಎಷ್ಟು ದೂರ ನಡೆದಾವು? ಇಂಜೆಕ್ಷನ್ ಗಾಡಿಯಲ್ಲಿ ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ. ಅದರ ಒತ್ತಡ ಅನೇಕ ಗಾಡಿಗಳಲ್ಲಿ ಸುಮಾರು 3 ಬಾರ್, ನಿಮ್ಮ ಟೈರಿನ ಗಾಳಿಗಿಂತ ಹೆಚ್ಚು. ಅಲ್ಲಿ ಪೈಪು ಕಳಚಿ ಸೀಸೆ ಹಿಡಿದರೆ ಕಣ್ಣಿಗೇ ಚಿಮ್ಮೀತು. ಮೊದಲು ಒತ್ತಡ ಇಳಿಸಿ, ಗೇಜು ಕೂರಿಸಿ ಅಳೆಯಬೇಕು.

ಮಾವ: ಅಲ್ಲಿಯೂ ಮೊದಲನೆಯ ಪರೀಕ್ಷೆ ಕಿವಿಯದೇ ಅಲ್ಲವೇನಯ್ಯಾ? ಕೀಲಿ ತಿರುಗಿಸಿದೊಡನೆ ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡು ಗುಂಯ್ಯೆನ್ನಬೇಕು. ಎನ್ನದಿದ್ದರೆ ಫ್ಯೂಸು, ರಿಲೇ, ಇಲಿ ಕಡಿದ ವೈರು. ಗುಂಯ್ಯೆಂದರೆ ಮುಂದಿನ ಮಾತು. ನಿನ್ನ ಸ್ಕ್ಯಾನರಿಗೆ ಟ್ಯಾಂಕು ಬರಿದಾಗಿದೆಯೆಂಬುದಾದರೂ ಗೊತ್ತಾಗುತ್ತದೆಯೇ?

ಅಳಿಯ: ಅನೇಕ ಗಾಡಿಗಳಲ್ಲಿ ಗೊತ್ತಾಗುವುದಿಲ್ಲ, ಒಪ್ಪುತ್ತೇನೆ. ಸ್ಕ್ಯಾನರು ಹೇಳುವುದು ಸೆನ್ಸರು ಕಂಡದ್ದನ್ನು ಮಾತ್ರ; ಪೆಟ್ರೋಲಿನ ಒತ್ತಡ ನೋಡುವ ಸೆನ್ಸರೇ ಇಲ್ಲದ ಗಾಡಿಯಲ್ಲಿ ಅದು ‘ಯಾವ ದೋಷವೂ ಇಲ್ಲ’ವೆಂದು ಪ್ರಮಾಣಮಾಡುತ್ತದೆ. ಹೊಸಬರು ಅದನ್ನೇ ನಂಬಿ ಕೆಡುತ್ತಾರೆ. ಆದರೆ ಗುಂಯ್ಯೆಂದ ಮಾತ್ರಕ್ಕೆ ಪಂಪು ಸರಿಯೆನ್ನುವ ನಿಮ್ಮ ಕಿವಿಯೂ ಅಷ್ಟೇ ಕೆಡುತ್ತದೆ; ಸವೆದ ಪಂಪೂ ಹಾಡುತ್ತದೆ, ಒತ್ತಡ ಮಾತ್ರ ಏರುವುದಿಲ್ಲ. ಅದನ್ನು ಗೇಜೇ ಹೇಳಬೇಕು.

ಮಾವ: ಸರಿ, ಕಿವಿಗೆ ಗೇಜು ಸಾಕ್ಷಿ. ಈಗ ನಮ್ಮ ಆರೋಪಿಗೆ ಬರೋಣ. ಹೊಸ ಡಬ್ಬಿಯಿಂದ ಪಂಪು ಎತ್ತಿತು, ಹಳೆಯ ಹಾದಿಯಿಂದ ಎತ್ತಲಿಲ್ಲ. ಆದುದರಿಂದ ದೋಷ ಪಂಪಿನ ಹಿಂದಿದೆ. ಆ ಪೈಪನ್ನು ಕೊಡು, ಬಾಯಲ್ಲಿ ಒಮ್ಮೆ ಎಳೆದು ನೋಡುತ್ತೇನೆ.

ಅಳಿಯ: ಎಳೆಯಕೂಡದು! ನಿಮ್ಮ ಕಾಲದವರೆಲ್ಲ ಎಳೆದಿರೆಂಬುದೇ ದೊಡ್ಡ ಆಶ್ಚರ್ಯ. ಒಂದು ಗುಟುಕು ಪೆಟ್ರೋಲು ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆಯೇ ಗತಿ. ಇದಕ್ಕೆಂದೇ ಈ ಕೈಪಂಪು ತಂದಿದ್ದೇನೆ.

ಹಿರಿಯರು ಮರುಮಾತಿಲ್ಲದೆ ಪೈಪನ್ನು ಅವನ ಕೈಗಿತ್ತರು. ಕೈಪಂಪು ಎಳೆದಾಗ ಪೆಟ್ರೋಲಿನ ಜೊತೆಗೆ ಗುಳ್ಳೆಗಳ ಸಾಲು ಬಂದಿತು. ತರುಣನು ಅದೇ ಪಂಪಿನಿಂದ ಹಿಮ್ಮುಖವಾಗಿ ಮೆಲ್ಲಗೆ ಗಾಳಿಯೂದಿದನು. ಹಿರಿಯರು ನೆಲದ ಮೇಲೆ ಮಲಗಿ, ಜೋಡಣೆಗಳಿಗೆ ಒಂದೊಂದಾಗಿ ಸಾಬೂನಿನ ನೊರೆ ಸವರಿದರು. ಟ್ಯಾಂಕಿನ ಬಳಿ, ರಬ್ಬರ್ ಪೈಪು ಕಬ್ಬಿಣದ ನಳಿಕೆಯನ್ನು ಸೇರುವೆಡೆಯಲ್ಲಿ, ಕ್ಲಿಪ್ಪಿನ ಅಡಿಯಿಂದ ನೊರೆ ಅರಳಿತು. ರಬ್ಬರು ಕೂದಲೆಳೆಯಷ್ಟು ಬಿರಿದಿತ್ತು.

ಮಾವ: ಇಗೋ ನಿಮಿತ್ತ. ಇಲ್ಲಿಂದ ಒಂದು ಹನಿಯೂ ಹೊರಗೆ ಸೋರಿಲ್ಲ, ಗಮನಿಸು. ಪಂಪಿನ ಹಿಂದಿನ ಹಾದಿಯಲ್ಲಿ ಒತ್ತಡವಿಲ್ಲ, ಸೆಳೆತವಿದೆ. ಬಿರುಕಿನಿಂದ ಪೆಟ್ರೋಲು ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪೆಟ್ರೋಲಿಗಿಂತ ಗಾಳಿ ಹಗುರ. ಪಂಪು ಹಗುರವಾದುದನ್ನೇ ಸೇದುತ್ತಿತ್ತು. ಒಂದು ಗೇಣು ಪೈಪು, ಎರಡು ಕ್ಲಿಪ್ಪು ಸಾಕು.

ಅಳಿಯ: ಸಾಕೋ ಸಾಲದೋ, ನಿಮ್ಮ ಸೀಸೆಯನ್ನೇ ಕೇಳೋಣ.

ಹೊಸ ತುಂಡು ಪೈಪು ಕೂರಿಸಿ, ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಬರಿದು ಮಾಡಿದ ಸೀಸೆಯನ್ನು ಮತ್ತೆ ಕಾರ್ಬೊರೇಟರಿನ ಪೈಪಿಗೆ ಹಿಡಿದು ಸೆಲ್ಫ್ ಹೊಡೆದರು. ಈ ಸಲ ಗುಳ್ಳೆಯಿಲ್ಲದೆ ಧಾರೆ ಬಂದಿತು. ಆದರೆ ಅದರ ಬಣ್ಣ ಚಹಾದ ಡಿಕಾಕ್ಷನ್ನಿನದು. ಸೀಸೆಯನ್ನು ಗೋಡೆಯ ಮೇಲಿಟ್ಟು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ, ಒಳಗೆ ಎರಡು ಪದರಗಳು. ಮೇಲೆ ಪೆಟ್ರೋಲು, ಕೆಳಗೆ ಒಂದು ಬೆರಳಷ್ಟು ಮಬ್ಬಾದ ನೀರು, ಅದರ ತಳದಲ್ಲಿ ತುಕ್ಕಿನ ಪುಡಿ.

ಅಳಿಯ: ಹಾದಿ ಸರಿಹೋಯಿತು ಮಾವ, ಹಾದಿಯಲ್ಲಿ ಬರುವವನೇ ಸರಿಯಿಲ್ಲ! ನಿಂತ ಪೆಟ್ರೋಲಿನಲ್ಲಿ ಬೇಗ ಹೊತ್ತುವ ಹಗುರವಾದ ಅಂಶ ಮೊದಲು ಹಾರಿಹೋಗುತ್ತದೆ. ಉಳಿದುದು ಗಾಳಿಯ ಆಮ್ಲಜನಕವನ್ನು ಕೂಡಿಕೊಂಡು ಅಂಟಾಗುತ್ತದೆ. ಅದರಲ್ಲಿ ಬೆರೆಸಿದ ಎಥನಾಲು ತೇವವನ್ನು ಹೀರಿಕೊಳ್ಳುತ್ತದೆ. ತೇವ ಮಿತಿಮೀರಿದಾಗ ಪೆಟ್ರೋಲನ್ನು ತೊರೆದು ನೀರಿನೊಂದಿಗೆ ತಳಕ್ಕಿಳಿಯುತ್ತದೆ. ಪೆಟ್ರೋಲು ಸೇದುವ ನಳಿಕೆಯ ಬಾಯಿರುವುದೂ ತಳದಲ್ಲಿಯೇ. ಈ ಟ್ಯಾಂಕಿನಲ್ಲಿರುವುದು 2020ರ ಪೆಟ್ರೋಲು. ಆಗ ಎಥನಾಲು ಶೇಕಡ 10ನ್ನು ಮೀರುತ್ತಿರಲಿಲ್ಲ. ಶೇಕಡ 20ರ ಮಿಶ್ರಣ 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ಬಿಡುಗಡೆಯಾಯಿತು. ಇನ್ನು ಮುಂದೆ ನಿಲ್ಲಿಸುವ ಗಾಡಿಗಳ ತಳದಲ್ಲಿ ಇಳಿಯುವುದಕ್ಕೆ ಅಷ್ಟು ಹೆಚ್ಚು ಸರಕಿರುತ್ತದೆ. ಹಳೆಯ ಕಾರುಗಳ ರಬ್ಬರು ಇಂಥ ಮಿಶ್ರಣಕ್ಕೆಂದು ಮಾಡಿದ್ದೂ ಅಲ್ಲ.

ಮಾವ: ಜಾವಾದಲ್ಲಿಯೂ ಇದರ ಹಳೆಯ ರೂಪ ಕಂಡಿದ್ದೇನೆ. ಅದಕ್ಕೆ ಪೆಟ್ರೋಲಿನಲ್ಲಿಯೇ ಆಯಿಲು ಬೆರೆಸಿ ಹಾಕುವುದು. ತಿಂಗಳುಗಟ್ಟಲೆ ನಿಂತರೆ ಪೆಟ್ರೋಲು ಹಾರಿಹೋಗಿ ಜೆಟ್ಟಿನ ಬಾಯಲ್ಲಿ ಆಯಿಲು ಮಾತ್ರ ಕುಳಿತಿರುತ್ತಿತ್ತು. ಮಡು ಎಂಬ ಮಾತು ಇಟ್ಟಮಡುವಿನ ಹೆಸರಿಗೆ ಶೋಭೆ, ಟ್ಯಾಂಕಿಗಲ್ಲ. ಸರಿ, ಈ ಕಷಾಯವನ್ನು ಎಂಜಿನಿಗೆ ಕುಡಿಸುವುದು ಬೇಡ, ಡಬ್ಬಿಯಿಂದಲೇ ಉಣಿಸು.

ಡಬ್ಬಿಯ ಪೆಟ್ರೋಲಿನಿಂದ ಎಂಜಿನು ಹೊತ್ತಿಕೊಂಡಿತು. ಹೊಗೆಯುಗುಳಿ, ನಡುಗಿ, ಒಂದು ಹದಕ್ಕೆ ಬಂದಿತು. ಮೂವರೂ ಒಂದು ಕ್ಷಣ ಸುಮ್ಮನಿದ್ದು ಅದರ ಸದ್ದನ್ನೇ ಕೇಳಿದೆವು. ತರುಣನು ಆಕ್ಸಿಲರೇಟರಿನಿಂದ ಕಾಲು ತೆಗೆದನು. ಎಂಜಿನು ಆರಿತು. ಮತ್ತೆ ಹೊತ್ತಿಸಿದನು, ಕಾಲು ತೆಗೆದೊಡನೆ ಮತ್ತೆ ಆರಿತು.

ಅಳಿಯ: ಐಡ್ಲಿಂಗ್ ಜೆಟ್ಟು ಕಟ್ಟಿಕೊಂಡಿದೆ. ಪೈಪಿಗೆ ಗೆಲುವು, ಕಾರ್ಬೊರೇಟರಿಗೆ ಸೋಲು. ಒಬ್ಬನೇ ಅಪರಾಧಿಯೆಂದಿರಿ!

ಮಾವ: ಒಬ್ಬನೇ ಎಂದೆನೋ, ಒಬ್ಬೊಬ್ಬನಾಗಿ ಎಂದೆನೋ? ನೀನು ಎಲ್ಲವನ್ನೂ ಒಟ್ಟಿಗೆ ಬಿಚ್ಚಿದ್ದರೆ ಪಂಪು ಹೊಸದಾಗುತ್ತಿತ್ತು, ಜೆಟ್ಟು ತೊಳೆದಿರುತ್ತಿತ್ತು. ಆದರೆ ಆ ಗೇಣು ಪೈಪು ಟ್ಯಾಂಕಿನ ಹಿಂಬದಿಯಲ್ಲಿ ಕಣ್ಣಿಗೆ ಬೀಳದೆ ಉಳಿದಿದ್ದರೆ ಗಾಳಿಯನ್ನು ಸೇದುತ್ತಲೇ ಇರುತ್ತಿತ್ತು.

ಅಳಿಯ: ಟ್ಯಾಂಕು ಇಳಿಸಬೇಕೆಂದು ಮೊದಲೇ ಹೇಳಿದೆ, ಇಳಿಸಿದ್ದರೆ ಆ ಪೈಪನ್ನೂ ಬದಲಾಯಿಸದೆ ಮತ್ತೆ ಏರಿಸುತ್ತಿರಲಿಲ್ಲ. ನೀವು ಮೂರು ಗಂಟೆಯಲ್ಲಿ ಕಂಡುಹಿಡಿದುದನ್ನು ನಾನು ಕಂಡುಹಿಡಿಯದೆಯೇ ಸರಿಮಾಡುತ್ತಿದ್ದೆ.

ಮಾವ: ಕಂಡುಹಿಡಿಯದೆ ಸರಿಮಾಡಿದವನು ಮುಂದಿನ ಗಾಡಿಯ ಮುಂದೆ ಮತ್ತೆ ಮೊದಲಿನಿಂದ ತೊಡಗಬೇಕು.

ಅಳಿಯ: ಕಂಡುಹಿಡಿದು ಅರ್ಧ ಸರಿಮಾಡಿದವನು ಇದೇ ಗಾಡಿಯ ಮುಂದೆ ಮುಂದಿನ ವಾರ ಮತ್ತೆ ತೊಡಗಬೇಕು.

ಈ ಮಾತಿಗೆ ಹಿರಿಯರು ನಕ್ಕರೇ ಹೊರತು ಉತ್ತರ ಹೇಳಲಿಲ್ಲ. ಬಿಸಿಲೇರಿತ್ತು, ಒಳಗಿನಿಂದ ಕಾಫಿ ಬಂದಿತು. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಬಸಿದು ಮನೆಯ ಮುಂದಿನ ಚರಂಡಿಗೆ ಚೆಲ್ಲಿದರಾಯಿತೆಂದು ನಾನು ಅಂದಾಗ ಮಾತ್ರ ಇಬ್ಬರೂ ಆ ಬೆಳಗ್ಗೆ ಮೊದಲ ಬಾರಿಗೆ ಒಂದೇ ದನಿಯಲ್ಲಿ ನನ್ನನ್ನು ಗದರಿಸಿದರು. ಈ ಕಡೆಯ ಚರಂಡಿಗಳ ನೀರು ಸೇರುವುದು ವೃಷಭಾವತಿಯನ್ನು, ವೃಷಭಾವತಿ ಸೇರುವುದು ಅರ್ಕಾವತಿಯನ್ನು, ಅರ್ಕಾವತಿ ಸೇರುವುದು ಕಾವೇರಿಯನ್ನು. ಇರುವ ವಿಷ ಸಾಲದೆಂದು ನಮ್ಮದನ್ನೂ ಕೂಡಿಸಬೇಕೇ? ಅದು ಮುಚ್ಚಿದ ಡಬ್ಬಿಯಲ್ಲಿ ತರುಣನ ವರ್ಕ್‌ಶಾಪಿಗೆ ಹೋಗಿ, ಅಲ್ಲಿ ಕೆಟ್ಟ ಎಣ್ಣೆಯನ್ನು ಒಯ್ಯುವವರ ಪಾಲಾಗಬೇಕೆಂದು ತೀರ್ಮಾನವಾಯಿತು. ಇನ್ನೊಂದು ವಿಷಯದಲ್ಲಿಯೂ ಅವರಿಗೆ ಭೇದವಿರಲಿಲ್ಲ. ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾದ ನನ್ನ ಕಾರಿನ ನೋಂದಣಿಯ ಅವಧಿ 2022ರಲ್ಲಿಯೇ ತೀರಿತ್ತು. ಪೆಟ್ರೋಲು ಎಂಜಿನನ್ನು ಮುಟ್ಟಿದರೂ, ಕಾಗದ ಸರಿಹೋಗುವವರೆಗೆ ಕಾರು ರಸ್ತೆಯನ್ನು ಮುಟ್ಟುವಂತಿಲ್ಲ.

ಮೂರು ತಿಂಗಳಿಗೂ ಮೀರಿ ಗಾಡಿಯನ್ನು ನಿಲ್ಲಿಸಬೇಕಾಗಿ ಬಂದವರಿಗೆ ಅವರಿಬ್ಬರು ಒಮ್ಮತದಿಂದ ಹೇಳಿದ ಮಾತನ್ನು ಓದುಗರಿಗೂ ತಲಪಿಸುತ್ತೇನೆ: ಕಾರ್ಬೊರೇಟರಿನ ಗಾಡಿಯಾದರೆ ಅದರ ಬಟ್ಟಲನ್ನು ಬರಿದು ಮಾಡಿಡಿ, ಬ್ಯಾಟರಿಯ ಒಂದು ತಂತಿಯನ್ನು ಕಳಚಿಡಿ, ಮತ್ತೆ ಹೊತ್ತಿಸುವ ಮುನ್ನ ಹಳೆಯ ಪೆಟ್ರೋಲನ್ನು ಗಾಜಿನ ಸೀಸೆಯಲ್ಲಿ ಒಮ್ಮೆ ನೋಡಿ. ಅವರ ಮೂಲ ವ್ಯಾಜ್ಯ ಮಾತ್ರ ಹಾಗೆಯೇ ಉಳಿಯಿತು. ಆ ದಿನ ನನ್ನ ಕಾರಿಗೆ ಹೊಸದಾಗಿ ಸೇರಿದುದು ಒಂದು ಗೇಣು ಪೈಪು, ಎರಡು ಕ್ಲಿಪ್ಪು. ಮುಂದಿನ ಭಾನುವಾರಕ್ಕೆಂದು ತರುಣ ಬರೆದು, ಹಿರಿಯರು ಒಂದಕ್ಷರವನ್ನೂ ಹೊಡೆದುಹಾಕದೆ ನನ್ನ ಕೈಗಿತ್ತ ಚೀಟಿಯಲ್ಲಿ ಏಳು ಹೆಸರುಗಳಿವೆ: ಫಿಲ್ಟರು, ಉಳಿದ ಪೈಪುಗಳು, ಡಯಾಫ್ರಂ, ಕಾರ್ಬೊರೇಟರಿನ ಕಿಟ್ಟು, ಎಂಜಿನ್ ಆಯಿಲು, ಹೊಸ ಪೆಟ್ರೋಲು ಮತ್ತು, ಹಿರಿಯರ ಕೈಬರಹದಲ್ಲಿ, ಟ್ಯಾಂಕಿನ ಮುಚ್ಚಳ.